ಗಂಟಲು ಕೂತೋದ್ರೆ ಏನ್ ಮಾಡ್ಬೇಕು?

ಜೂನಲ್ಲಿ ಸ್ಕೂಲು, ಮಳೆ, ಶೀತ ಮೂರೂ ಒಟ್ಟಿಗೆ ಶುರುವಾದಾಗ ಮೊದ್ಲು ಕೈಕೊಡೋದು ಟೀಚರ್‌ಗಳ ಗಂಟಲು. ಹಾಜರಿ ಕರೆಯೋಕೆ ಬಾಯಿ ಬಿಟ್ರೆ ಬರೀ ಗಾಳಿ! ಡಾಕ್ಟ್ರು ಇದನ್ನ ಲ್ಯಾರಿಂಜೈಟಿಸ್ ಅಂತಾರೆ. ಧ್ವನಿಪೆಟ್ಟಿಗೆ ಒಳಗೆ ಎರಡು ಮಡಿಕೆ ಇರ್ತವೆ (ಇವೇ ಧ್ವನಿತಂತು), ಮಾತಾಡುವಾಗ ಅವು ಹೆಂಗಸರಲ್ಲಿ ಸೆಕೆಂಡಿಗೆ ಸುಮಾರು 200 ಸಲ ಕಂಪಿಸ್ತವೆ, ಗಂಡಸರಲ್ಲಿ 100 ಚಿಲ್ಲರೆ. ವೈರಸ್ಸಿಂದಲೋ ಕಿರುಚಿ ಕಿರುಚಿಯೋ ಅವು ಊದ್ಕೊಂಡ್ರೆ ಸರಿಯಾಗಿ ಕೂಡ್ಕೊಳ್ಳಲ್ಲ, ಸ್ವರ ಒಡೆಯುತ್ತೆ.

ಮೊದಲು ಮಾತು ಕಮ್ಮಿ ಮಾಡಿ. ಮೌನವ್ರತ ಏನೂ ಬೇಡ, ಬೇಕಾದ್ದಷ್ಟನ್ನ ಮೆಲ್ಲಗೆ ಮಾಮೂಲಿ ದನಿಯಲ್ಲೇ ಹೇಳಿ. ಎಲ್ರೂ ಎಡವೋದು ಇಲ್ಲೇ, ಪಿಸುಗುಟ್ಟಿದ್ರೆ ರೆಸ್ಟ್ ಸಿಗುತ್ತೆ ಅನ್ಕೋತಾರೆ, ಆದ್ರೆ ಎಷ್ಟೋ ಜನ ಪಿಸುಗುಡುವಾಗ ಗಂಟಲನ್ನ ಇನ್ನೂ ಬಿಗಿ ಹಿಡೀತಾರೆ. ಕ್ಯಾಕರಿಸೋದೂ ಬೇಡ, ಊದಿರೋ ಮಡಿಕೆಗಳು ಮತ್ತೆ ಬಡ್ಕೊಳ್ತವೆ. ಕೆರೆತ ಬಂದ್ರೆ ಒಂದು ಗುಟುಕು ನೀರು ನುಂಗಿ. ರಜೆ ಸಿಗ್ಲಿಲ್ವಾ? ಪಾಠ ಮಕ್ಕಳ ಕೈಲೇ ಓದಿಸಿ, ಬೋರ್ಡ್ ಕಡೆ ತಿರುಗಿ ಮಾತಾಡ್ಬೇಡಿ, ಗಲಾಟೆ ಆದ್ರೆ ಡಸ್ಟರಲ್ಲಿ ಟೇಬಲ್ ಕುಟ್ಟಿ.

ಆಮೇಲೆ ನೀರು ಚೆನ್ನಾಗಿ ಕುಡೀರಿ, ಹಬೆ ತಗೊಳ್ಳಿ (ಮಕ್ಕಳ ಹತ್ರ ಕುದಿಯೋ ಪಾತ್ರೆ ಇಡ್ಲೇಬೇಡಿ). ಉಪ್ಪುನೀರು ಮುಕ್ಕಳಿಸಿದ್ರೆ ಗಂಟಲುನೋವಿಗೆ ಹಿತ, ಜೇನು ಕಷಾಯ ಕೆಮ್ಮಿಗೆ ಹಿತ, ಆದ್ರೆ ಎರಡೂ ಧ್ವನಿತಂತುವಿಗೆ ತಾಗೋದೇ ಇಲ್ಲ, ತಾಗಿದ್ರೆ ನೆತ್ತಿಗೇರಿ ಕೆಮ್ಮಿ ಸುಸ್ತಾಗ್ತಿದ್ರಿ. ಬೀಡಿ ಸಿಗರೇಟು, ಒಗ್ಗರಣೆ ಘಾಟಿಂದ ದೂರ ಇರಿ.

ಮೆಡಿಕಲ್ ಶಾಪಲ್ಲಿ ನೀವೇ ಕೇಳಿ ಆಂಟಿಬಯೋಟಿಕ್ ನುಂಗ್ಬೇಡಿ, ಇದು ಹೆಚ್ಚಾಗಿ ವೈರಸ್ಸಿಂದ ಬರೋದು, ಅದಕ್ಕೆ ಆ ಮಾತ್ರೆ ನಾಟಲ್ಲ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗೇ ಸರಿಹೋಗುತ್ತೆ. ಶೀತವೇ ಇಲ್ದೆ ದಿನಾ ಬೆಳಗ್ಗೆ ದನಿ ಗೊಗ್ಗರು ಅಂದ್ರೆ ಹುಳಿತೇಗು, ಅಸಿಡಿಟಿ ಮೇಲೂ ಒಂದು ಕಣ್ಣಿಡಿ, ರಾತ್ರಿ ಊಟಕ್ಕೂ ನಿದ್ದೆಗೂ ಮಧ್ಯೆ ಎರಡು ಮೂರು ಗಂಟೆ ಬಿಡಿ.

ಉಸಿರಾಡೋಕೆ ಕಷ್ಟ, ಎಂಜಲೂ ನುಂಗೋಕಾಗ್ತಿಲ್ಲ, ಕೆಮ್ಮಿದ್ರೆ ರಕ್ತ, ಮಗು ಉಸಿರೆಳೆದಾಗ ಕೊರ್ ಅನ್ನೋ ಸದ್ದು: ಇದ್ರಲ್ಲಿ ಒಂದು ಕಂಡ್ರೂ ತಕ್ಷಣ ಆಸ್ಪತ್ರೆ. ಮೂರು ವಾರ ಆದ್ರೂ ದನಿ ಸರಿಹೋಗಿಲ್ಲ ಅಂದ್ರೆ, ಅದ್ರಲ್ಲೂ ಸಿಗರೇಟು ಸೇದೋರು, ಇಎನ್‌ಟಿ ಡಾಕ್ಟ್ರನ್ನ ನೋಡಿ. ಮೂಗಿನಿಂದ ತೆಳ್ಳನೆ ಕ್ಯಾಮೆರಾ ಪೈಪ್ ಇಳಿಸಿ "ಈ... ಅನ್ನಿ" ಅಂತಾರೆ, ಧ್ವನಿತಂತು ಸ್ಕ್ರೀನಲ್ಲಿ ಕಾಣುತ್ತೆ, ಗಂಟು ಗಿಂಟು ಇದ್ರೆ ಅಲ್ಲೇ ಗೊತ್ತಾಗುತ್ತೆ. ಅಡ್ಮಿಟ್ ಆಗೋದೇನೂ ಬೇಡ, ಕೆಲವೇ ನಿಮಿಷದ ಕೆಲಸ.