19 ಕಿಲೋಮೀಟರ್ ಉದ್ದದ ಯುದ್ಧನೌಕೆಯನ್ನು ಒಂದು ಮೀಟರಿಗೆ ಇಳಿಸುವುದು

ಸ್ಟಾರ್ ವಾರ್ಸ್‌ನ ಎಕ್ಸಿಕ್ಯೂಟರ್ ನೌಕೆಯ ಉದ್ದ ಈಗಿನ ಲೆಕ್ಕದಲ್ಲಿ 19 ಕಿ.ಮೀ. (ಹಳೆಯ ಕೈಪಿಡಿಗಳು 8 ಕಿ.ಮೀ. ಎನ್ನುತ್ತಿದ್ದವು.) ಮಾದರಿ 1 ಮೀಟರ್ ಇದ್ದರೆ ಸ್ಕೇಲ್ 1:19,000. ಅಂದರೆ ನಿಮ್ಮ 1 ಮಿ.ಮೀ. ಅಲ್ಲಿ 19 ಮೀಟರ್, ಮನುಷ್ಯ 0.1 ಮಿ.ಮೀ.ಗಿಂತ ಚಿಕ್ಕವನು. ನೌಕೆ ದೈತ್ಯವಾಗಿ ಕಾಣುವುದೂ ಆಟಿಕೆಯಂತೆ ಕಾಣುವುದೂ ಈ ಲೆಕ್ಕದ ಮೇಲೆಯೇ ನಿಂತಿದೆ.

ಅಸ್ಥಿಪಂಜರಕ್ಕೆ 6 ಮಿ.ಮೀ. ಪ್ಲೈವುಡ್, ಹೊರಮೈಗೆ 2 ಮಿ.ಮೀ. ಸ್ಟೈರೀನ್ (ಪ್ಲಾಸ್ಟಿಕ್) ಹಾಳೆ. 10 ಸೆಂ.ಮೀ.ಗೆ ಒಂದರಂತೆ ಅಡ್ಡಪಟ್ಟಿ ಕೊಡಿ, ಇಲ್ಲದಿದ್ದರೆ ಉದ್ದನೆಯ ಹಾಳೆ ಬಾಗುತ್ತದೆ. ಸ್ಟೈರೀನನ್ನು ಸ್ಟೈರೀನಿಗೆ ಲಿಕ್ವಿಡ್ ಸಿಮೆಂಟಿನಿಂದ (ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ತೆಳು ಅಂಟು), ಮರಕ್ಕೆ ಎಪಾಕ್ಸಿಯಿಂದ ಅಂಟಿಸಿ. ಒಡಲನ್ನು ಪೂರ್ತಿ ಮುಚ್ಚಬೇಡಿ: ಸಿಮೆಂಟಿನ ಆವಿ ಒಳಗೇ ಸಿಕ್ಕಿಕೊಂಡರೆ ಪ್ಲಾಸ್ಟಿಕ್ ಮೆತ್ತಗಾಗಿ, ಕೆಲವು ವಾರಗಳ ನಂತರ ಕುಸಿಯಬಹುದು. ತಳದಲ್ಲಿ 5 ಮಿ.ಮೀ.ನ ನಾಲ್ಕೈದು ತೂತು ಸಾಕು.

ಸ್ಟ್ಯಾಂಡಿನ ಅಲ್ಯೂಮಿನಿಯಂ ಕೊಳವೆಯನ್ನು ನಟ್ಟನಡುವೆ ಇಡಬೇಡಿ. ನೌಕೆಯ ಆಕಾರ ಚೂಪು ಮೂತಿಯ ತ್ರಿಕೋನ, ತ್ರಿಕೋನದ ಭಾರಕೇಂದ್ರ ಹಿಂಬದಿಯಿಂದ ಮೂರನೇ ಒಂದು ಭಾಗದಷ್ಟು ದೂರದಲ್ಲಿರುತ್ತದೆ. ಇಂಜಿನ್ ಮತ್ತು ಗೋಪುರ ಸೇರಿದ ಮೇಲೆ ಇನ್ನಷ್ಟು ಹಿಂದೆ ಸರಿಯುತ್ತದೆ. ಭಾರದ ಭಾಗಗಳನ್ನೆಲ್ಲ ತಾತ್ಕಾಲಿಕವಾಗಿ ಕೂರಿಸಿ, ಬೆರಳ ಮೇಲೆ ತೂಗಿಸಿ ನೋಡಿ, ಆಮೇಲೆ ಜಾಗ ಗುರುತಿಸಿ. ವೈರುಗಳು ಇದೇ ಕೊಳವೆಯೊಳಗಿಂದ ಇಳಿಯುತ್ತವೆ.

ನೌಕೆಯ ಬೆನ್ನ ಮೇಲಿನ ‘ನಗರ’ಕ್ಕೆ, ಅಂದರೆ ಒತ್ತಾದ ಕಟ್ಟಡಗಳ ಗುಂಪಿಗೆ, ಹಳೆಯ ಟ್ಯಾಂಕ್, ಯುದ್ಧಹಡಗು ಮಾದರಿ ಕಿಟ್‌ಗಳ ಉಳಿಕೆ ಬಿಡಿಭಾಗ ಬಳಸುವುದು ರೂಢಿ. ಆದರೆ 5 ಮಿ.ಮೀ. ಎತ್ತರದ ತುಂಡು ಇಲ್ಲಿ 95 ಮೀಟರಿನ ಕಟ್ಟಡ. ಟ್ಯಾಂಕಿನ ಚಕ್ರವೊಂದು ಗುರುತು ಸಿಕ್ಕರೆ ಕಣ್ಣು ಚಕ್ರದ ಅಳತೆಯನ್ನೇ ಹಿಡಿದು ಇಡೀ ನೌಕೆಯನ್ನು ಕುಗ್ಗಿಸಿಬಿಡುತ್ತದೆ. ಅಂಥದ್ದನ್ನು ಕತ್ತರಿಸಿ, ತಲೆಕೆಳಗಾಗಿ ಅಂಟಿಸಿ. ಹೆಚ್ಚಿನ ಕೆಲಸವನ್ನು 0.13 ಮತ್ತು 0.25 ಮಿ.ಮೀ. ಹಾಳೆಯ ಚೂರುಗಳಿಂದ ಮಾಡಿ. ಎಲ್ಲೆಡೆ ಒಂದೇ ಸಮನೆ ತುಂಬಬೇಡಿ, ನಡುನಡುವೆ ಖಾಲಿ ಬಯಲು ಬೇಕು. ಒಡಲಿನ ಸಂದಿಗಳನ್ನು ಪುಟ್ಟಿಯಿಂದ ಮುಚ್ಚಿ ಉಜ್ಜಿ. ಬಿಟ್ಟ ಅರ್ಧ ಮಿ.ಮೀ. ಬಿರುಕು 9.5 ಮೀಟರಿನ ಕಂದಕವಾಗುತ್ತದೆ.

ಕಿಟಕಿಗಳಿಗೆ ಒಳಗಿನ ಎಲ್ಇಡಿಯ ಬೆಳಕನ್ನು ಹೊರಗೆ ತರುವ 0.25 ಮಿ.ಮೀ. ಆಪ್ಟಿಕಲ್ ಫೈಬರ್ ಎಳೆ, ತೂತಿಗೆ 0.3 ಮಿ.ಮೀ. ಡ್ರಿಲ್. ಈ ಎಳೆಯೂ ಒಂದೂವರೆ ಮಹಡಿಯಷ್ಟು ಎತ್ತರದ ಕಿಟಕಿಯೇ, ಹಾಗಾಗಿ 0.5ರ ಆಸೆ ಬೇಡ. ಎಳೆಗಳಿಗೆ ಸೂಪರ್ ಗ್ಲೂ ಹಾಕಿದರೆ ಅವು ಪೆಡಸಾಗಿ ಮುರಿಯುತ್ತವೆ. ಬಿಳಿ ಮರಗೋಂದು ಬಳಸಿ. ಒಡಲಿನ ಒಳಮೈಗೆ ಮೊದಲೇ ಕಪ್ಪು ಬಳಿಯದಿದ್ದರೆ ಪ್ಲಾಸ್ಟಿಕ್ಕೇ ಹೊಳೆಯುತ್ತದೆ. ಎಳೆಗಳ ಕಟ್ಟನ್ನು ಎಲ್ಇಡಿಗೆ ತಾಗಿಸದೆ 2-3 ಮಿ.ಮೀ. ಅಂತರ ಬಿಡಿ, ಬಿಸಿಗೆ ತುದಿ ಕರಗಬಹುದು. 12 ವೋಲ್ಟ್ ಅಡಾಪ್ಟರಿಗೆ 3.2 ವೋಲ್ಟಿನ ಮೂರು ಬಿಳಿ ಎಲ್ಇಡಿ ಸರಣಿಯಲ್ಲಿ ಕೊಟ್ಟರೆ ಉಳಿಯುವುದು 2.4 ವೋಲ್ಟ್, 20 ಮಿಲಿಆಂಪ್‌ಗೆ 120 ಓಮ್ ರೆಸಿಸ್ಟರ್. ಕಿಟಕಿಗೆ ಅಷ್ಟು ಬೆಳಕು ಅತಿಯಾಯಿತು, 220 ಓಮ್ ರೆಸಿಸ್ಟರ್ ಹಾಕಿ. ಹಿಂಬದಿಯ 13 ಇಂಜಿನ್‌ಗಳಿಗೆ ಬೇರೆ ಸರಣಿ.

ಬಣ್ಣ ತಿಳಿಬೂದು. ಫಲಕಗಳ ಛಾಯೆಯಲ್ಲಿ ವ್ಯತ್ಯಾಸ ಹತ್ತಿರ ಬಂದರೆ ಮಾತ್ರ ತಿಳಿಯುವಷ್ಟಿರಲಿ. ಎಳೆಗಳನ್ನು ಹೊರಗೆ ಒಂದು ಸೆಂ.ಮೀ. ಉಳಿಸಿಕೊಂಡೇ ಪ್ರೈಮರ್, ಬಣ್ಣ, ಕೊನೆಗೆ ಮ್ಯಾಟ್ ವಾರ್ನಿಷ್ ಹೊಡೆಯಿರಿ. ಎಲ್ಲ ಒಣಗಿದ ಮೇಲೆ ಹೊಸ ಬ್ಲೇಡಿನಿಂದ ಮಟ್ಟಸವಾಗಿ ಕತ್ತರಿಸಿ. ಮೊದಲೇ ಕತ್ತರಿಸಿದರೆ ಕಿಟಕಿಗಳೆಲ್ಲ ಬಣ್ಣದಡಿ ಹೂತುಹೋಗುತ್ತವೆ, ಅವನ್ನು ಒಂದೊಂದಾಗಿ ಕೆರೆಯುತ್ತ ಕೂರಬೇಕಾಗುತ್ತದೆ.