ಬೆಲ್ಟಿಗೆ ಸ್ನಾನ ಮಾಡಿಸಿದ ಕಥೆ

"ಅಲ್ರೀ ಮಿಸ್ತ್ರಿ, ಬೆಲ್ಟಿಗೆ ಸ್ನಾನ ಮಾಡಿಸ್ತೀರಂತಲ್ರೀ! ಎಣ್ಣೀನೂ ಹಚ್ತೀರೇನು?" ಅಂತ ಸಂಡೂರಿನ ಚಹಾದಂಗಡಿ ಮುಂದೆ ನಾಲ್ಕು ಜನರೆದುರು ನಕ್ಕವರ ಡೀಸೆಲ್ ಗಾಡಿ ಈಗ ಎರಡು ಮಳೆಗಾಲ ಕಳೆದರೂ ಕೀಂಯ್ ಅಂದಿಲ್ಲ. ಹೋದ ತಿಂಗಳು ಅವರೇ ಅಳಿಯನ ಕಾರನ್ನೂ ತಂದು ನಿಲ್ಲಿಸಿದರು. ಹಾಗಾಗಿ ಬರೆಯುವ ಧೈರ್ಯ ಬಂತು. ಬೆಲ್ಟ್ ಅಂದರೆ ಸೊಂಟದ್ದಲ್ಲ. ಎಂಜಿನ್ನಿನ ಮುಂದೆ ಪುಲ್ಲಿ ಅನ್ನುವ ಗೀರುಚಕ್ರಗಳ ಮೇಲೆ ಓಡುತ್ತಾ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನಂಥವನ್ನು ತಿರುಗಿಸುವ ರಬ್ಬರ್ ಪಟ್ಟಿ. ಅದು ಕಿರುಚಿದರೆ ನಾನು ತೊಳೆಯುತ್ತೇನೆ.

ನಮ್ಮ ಕಡೆಯ ಧೂಳು ಬರೀ ಮಣ್ಣಲ್ಲ, ಅದಿರಿನ ಪುಡಿ. ಬೇಸಿಗೆಯಲ್ಲಿ ಪುಲ್ಲಿಯ ಗೀರುಗಳಲ್ಲಿ ಕೂರುತ್ತೆ, ಮೊದಲ ಮಳೆಗೆ ಕೆಸರಾಗುತ್ತೆ, ಆಮೇಲೆ ಒಣಗಿ ಸಿಮೆಂಟಿನಂತೆ ಗಟ್ಟಿಯಾಗುತ್ತೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿ ನಿಲ್ಲಿಸಿದಾಗ ಬೆಲ್ಟ್ ಕಿರುಚುವ ಗಾಡಿಗಳು ಬರುವುದು ಎಷ್ಟು ಕಮ್ಮಿಯಾಯಿತೆಂದರೆ, ನನ್ನ ಹೊಟ್ಟೆಗೂ ಅದೇ ಧೂಳು ಅನ್ನ ಹಾಕುತ್ತಿತ್ತು ಅಂತ ಆಗ ಗೊತ್ತಾಯಿತು.

ಶುರುವಿನಲ್ಲಿ ನಾನೂ ಎಲ್ಲರಂತೆ ಸದ್ದು ಬಂದರೆ ಬೆಲ್ಟ್ ಬದಲಾಯಿಸುತ್ತಿದ್ದೆ. 6ಪಿಕೆ, ಅಂದರೆ ಒಳಮೈಯಲ್ಲಿ ಉದ್ದಕ್ಕೂ ಆರು ಏಣು ಇರುವ ಬೆಲ್ಟ್, ಒಳ್ಳೆಯದಾದರೆ ಏಳೆಂಟು ನೂರು ರೂಪಾಯಿ, ಕೂಲಿ ಬೇರೆ. ಎರಡೇ ತಿಂಗಳಿಗೆ ಅದೇ ಗಾಡಿ ಅದೇ ಸದ್ದು ಮಾಡುತ್ತಾ ವಾಪಸ್. ಗಿರಾಕಿ ಮುಖ ನೋಡುವುದಕ್ಕಾಗದೆ ಮೂರು ಸಲವಾದರೂ ಕೈಯಿಂದ ದುಡ್ಡು ಹಾಕಿ ಹೊಸದು ಹಾಕಿಕೊಟ್ಟಿದ್ದೇನೆ.

ಆಮೇಲೆ ತೊಳೆಯುವ ಹುಚ್ಚು ಹಿಡಿಯಿತು. ಮೊದಲು ಪೆಟ್ರೋಲ್. ಒರೆಸಿದ ತಕ್ಷಣ ಬೆಲ್ಟ್ ಕಪ್ಪಗೆ ಮಿರಮಿರ ಮಿಂಚಿತು, ಖುಷಿಪಟ್ಟೆ. ಹದಿನೈದು ದಿನಕ್ಕೆ ರಬ್ಬರ್ ಉಬ್ಬಿ ಒಂದು ಏಣು ನೂಲಿನಂತೆ ಕಿತ್ತು ಬಂದಿತ್ತು. ಈಗಿನ ಬೆಲ್ಟುಗಳು ಇಪಿಡಿಎಂ ಅನ್ನುವ ಕೃತಕ ರಬ್ಬರಿನವು, ಅವಕ್ಕೆ ಪೆಟ್ರೋಲ್, ಡೀಸೆಲ್, ಎಣ್ಣೆ ಯಾವುದೂ ಆಗಿಬರುವುದಿಲ್ಲ. ಆಮೇಲೆ ಸದ್ದು ನಿಲ್ಲಿಸಲು ಹೊಡೆಯುವ ಅಂಟಂಟಾದ ಬೆಲ್ಟ್ ಸ್ಪ್ರೇ. ಎರಡು ದಿನ ಗಪ್‌ಚಿಪ್, ಮೂರನೇ ದಿನ ಆ ಅಂಟಿಗೆ ಸಂಡೂರಿನ ಧೂಳೆಲ್ಲ ಬಂದು ಮೆತ್ತಿಕೊಂಡಿತು. ಒಂದು ಸಲ ಎಂಜಿನ್ ಚಾಲೂ ಇದ್ದಾಗಲೇ ಬೆಲ್ಟಿಗೆ ಬಟ್ಟೆ ಹಿಡಿದೆ. ಬೆಲ್ಟು ಬಟ್ಟೆಯನ್ನು ಕಸಿದುಕೊಂಡು ಒಳಗೆಳೆಯಿತು, ಜೊತೆಗೆ ತೋರುಬೆರಳಿನ ಉಗುರೂ ಹೋಯಿತು. ಉಗುರು ತಾನೇ ಅಂತ ನನ್ನ ಮಾವ ಸಮಾಧಾನ ಹೇಳಿದರು. ಅಂದಿನಿಂದ ಕೀಲಿ ನನ್ನ ಜೇಬಿನಲ್ಲಿ, ಬ್ಯಾಟರಿ ನೆಗೆಟಿವ್ ಬಿಚ್ಚಿ ಪಕ್ಕಕ್ಕೆ. ಕೆಲವು ಗಾಡಿಯಲ್ಲಿ ಎಂಜಿನ್ ನಿಂತರೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುತ್ತದಲ್ಲ!

ಕಡೆಗೆ ಹಿಡಿದದ್ದು ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು. ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಒಂದೆರಡು ಚಮಚ. ಇದೂ ಮೊದಮೊದಲು ಕೈಕೊಟ್ಟಿತು. ತೊಳೆದ ವಾರಕ್ಕೇ ಮತ್ತೆ ಸದ್ದು. ಕಾರಣ ಹೊಳೆದದ್ದು ಒಂದು ಸಂಜೆ, ಬೆಲ್ಟ್ ಬಿಚ್ಚಿ ಕೆಳಗಿಟ್ಟು, ಬೆಲ್ಟನ್ನು ಓಡಿಸುವ ಕ್ರ್ಯಾಂಕ್ ಪುಲ್ಲಿಯನ್ನು ಉಗುರಿನಿಂದ ಕೆರೆದಾಗ. ಗೀರಿನ ತಳದಲ್ಲಿ ಕೆಂಪು ಹಕ್ಕಳೆ ಕಟ್ಟಿತ್ತು. ಎಲ್ಲರೂ ಬೆಲ್ಟನ್ನೇ ಬೈಯುತ್ತೇವೆ, ಕೊಳೆಯೆಲ್ಲ ಪುಲ್ಲಿಯಲ್ಲಿ. ಅಂದಿನಿಂದ ನನ್ನ ಸಮಯದ ಮುಕ್ಕಾಲು ಪಾಲು ಪುಲ್ಲಿಗೆ, ಕಾಲು ಪಾಲು ಬೆಲ್ಟಿಗೆ.

ಬೆಲ್ಟ್ ಬಿಚ್ಚುವ ಮುಂಚೆ ಹಾದಿಯ ಫೋಟೊ, ಬೆನ್ನ ಮೇಲೆ ತಿರುಗುವ ದಿಕ್ಕಿಗೆ ಸೀಮೆಸುಣ್ಣದ ಬಾಣ. ಮೊದಲು ಒಣ ಬ್ರಷ್, ಆಮೇಲೆ ಸೋಪು ನೀರಲ್ಲಿ ಅದ್ದಿ ಹಿಂಡಿದ ಹಳೇ ಟೂತ್‌ಬ್ರಷ್, ಆಮೇಲೆ ಬರೀ ನೀರಿನ ಬಟ್ಟೆ. ಪುಲ್ಲಿಗೆ ತಂತಿ ಬ್ರಷ್ ಹಾಕಬೇಡಿ, ಗೀರಿನ ಮೈ ಗೀಚಿ ಒರಟಾದರೆ ಬೆಲ್ಟನ್ನು ತಿನ್ನುತ್ತದೆ. ಪ್ರೆಷರ್ ಪೈಪಂತೂ ಬೇಡವೇ ಬೇಡ. ಬೇಗ ಆಗಲಿ ಅಂತ ಒಂದು ಸಲ ಬಿಟ್ಟೆ, ಬೆಲ್ಟಿಗೆ ದಾರಿ ತೋರುವ ಐಡ್ಲರ್ ಪುಲ್ಲಿಯ ಬೇರಿಂಗಿಗೆ ನೀರು ಹೊಕ್ಕು ಗರಗರ ಶುರುವಾಯಿತು. ಒಂಬೈನೂರೋ ಸಾವಿರವೋ ನನ್ನ ತಲೆಗೇ ಬಂತು. ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಹಿಂದೆ ಕೈ ತೂರದ ಕಡೆ ಇರುವ ಪುಲ್ಲಿಯನ್ನು ಹೇಗೆ ಉಜ್ಜುತ್ತೇನೆ ಅನ್ನುವುದನ್ನು ಹೇಳುವುದಿಲ್ಲ. ನಮ್ಮ ಬೀದಿಯಲ್ಲೇ ಇನ್ನೂ ಮೂರು ಗ್ಯಾರೇಜ್ ಇವೆ. ಒಣಗಿಸುವುದು ನೆರಳಲ್ಲಿ, ಒಂದೆರಡು ಗಂಟೆ. ಹಸಿ ಬೆಲ್ಟ್ ಹಾಕಿದರೆ ಅದೇ ಬೇರೆ ಸದ್ದು ಮಾಡಿ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ನಡುವೆ ಅಂಟುವಾಳದ ಹುಚ್ಚೂ ಹತ್ತಿತ್ತು. ರೇಷ್ಮೆ ಸೀರೆಗೆ ಆಗುವುದು ಬೆಲ್ಟಿಗೇಕೆ ಆಗಬಾರದು ಅಂತ ಅವ್ವ ನೆನೆಸಿಟ್ಟಿದ್ದ ನೀರನ್ನೇ ಕದ್ದೆ. ಕೊಳೆ ಬಿಟ್ಟಿತು, ಸುಳ್ಳು ಹೇಳುವುದಿಲ್ಲ. ಆದರೆ ಸರಿಯಾಗಿ ಸೋಸಿರಲಿಲ್ಲ, ಸಿಪ್ಪೆಯ ಚೂರು ಗೀರಲ್ಲಿ ಕೂತು ಟಿಕ್ ಟಿಕ್ ಅನ್ನತೊಡಗಿತು. ತುಕ್ಕು ಹಿಡಿದ ಪುಲ್ಲಿಗೆ ಹುಣಸೆಹಣ್ಣನ್ನೂ ತಿಕ್ಕಿದ್ದೇನೆ. ಸಂಜೆ ಬೆಳ್ಳಿಯ ಹಾಗೆ ಹೊಳೆಯಿತು, ಬೆಳಿಗ್ಗೆ ನೋಡಿದರೆ ಮೊದಲಿಗಿಂತ ಹೆಚ್ಚು ತುಕ್ಕು.

ತೊಳೆಯುವುದಕ್ಕೆ ಮುಂಚೆ ಒಂದು ಪರೀಕ್ಷೆ ಮಾಡುತ್ತೇನೆ. ಚಾಲೂ ಎಂಜಿನ್ನಿನ ಹತ್ತಿರ ಕೈ ತರದೆ, ದೂರದಿಂದ ಬಾಟಲಿಯಲ್ಲಿ ಬೆಲ್ಟಿನ ಗೀರಿನ ಕಡೆಗೆ ಚೂರು ನೀರು ಚಿಮುಕಿಸಿ. ಸದ್ದು ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಅಂತ. ಜೋರಾದರೆ ಬೆಲ್ಟ್ ಸಡಿಲ. ಎರಡಕ್ಕೂ ಸೋಪು ಮದ್ದಲ್ಲ, ತೊಳೆದು ದುಡ್ಡು ತಗೊಂಡರೆ ಪಾಪ. ಸ್ಟೇರಿಂಗ್ ಆಯಿಲ್ ಕುಡಿದ ಬೆಲ್ಟನ್ನೂ ನಾನು ತೊಳೆಯುವುದಿಲ್ಲ. ಸೋರುವುದನ್ನು ನಿಲ್ಲಿಸಿ ಹೊಸದು ಹಾಕುತ್ತೇನೆ. ಬಿರುಕಿಲ್ಲ ಅಂದ ಮಾತ್ರಕ್ಕೆ ಬೆಲ್ಟ್ ಗಟ್ಟಿ ಅಂತಲೂ ಅಲ್ಲ. ಇಪಿಡಿಎಂ ಬಿರಿಯುವುದು ಕಮ್ಮಿ, ಟೈರಿನಂತೆ ಸವೆಯುತ್ತದೆ. ಏಣುಗಳ ನಡುವಿನ ಸಂದು ಅಗಲವಾಗಿದ್ದರೆ ಸೋಪು ಖರ್ಚು ಮಾಡಬೇಡಿ. ಎಂಜಿನ್ನಿನ ವಾಲ್ವುಗಳ ತಾಳ ಕಾಯುವ ಟೈಮಿಂಗ್ ಬೆಲ್ಟೇ ಬೇರೆ, ಅದರ ಕವರಿಗಂತೂ ನೀರು ತಾಗಿಸುವುದೇ ಇಲ್ಲ.

ಇಲ್ಲಿಯವರೆಗೆ ಒಂದು ನಲವತ್ತು ಗಾಡಿ ತೊಳೆದಿರಬಹುದು. ಐದಾರು ವಾಪಸ್ ಬಂದವು. ಅದರಲ್ಲಿ ಎರಡಕ್ಕೆ ಆಲ್ಟರ್ನೇಟರ್ ಬೇರಿಂಗೇ ಹೋಗಿತ್ತು, ನಾನು ಬೆಲ್ಟೆಂದುಕೊಂಡು ಮೋಸಹೋಗಿದ್ದೆ. ಕೂಲಿ 200 ರೂಪಾಯಿ, ಅಳಿಯನ ಕಾರಿಗೆ 150 ತಗೊಂಡೆ. ಎಣ್ಣೆ ಹಚ್ಚಿದ್ದಕ್ಕೆ ಬೇರೆ ಆಗುತ್ತೆ ಅಂದಾಗ ಅಂದು ಚಹಾದಂಗಡಿ ಮುಂದೆ ನಕ್ಕಿದ್ದ ಅವನ ಮಾವನವರು ನಗಲಿಲ್ಲ, ಅಳಿಯ ನಕ್ಕ.