ಮಗುವಿನ ಹಟ ಕೈಮೀರಿದಾಗ ಯಾರ ಬಳಿ ಹೋಗಬೇಕು, ಅಲ್ಲಿ ಏನು ನಡೆಯುತ್ತದೆ?

ನನ್ನ ಅಕ್ಕನ ಮಗನಿಗೆ ಆಗ ಏಳು ವರ್ಷ. ಶಾಲೆಯಿಂದ ವಾರಕ್ಕೆರಡು ಸಲ ಫೋನ್ ಬರುತ್ತಿತ್ತು. ಪಕ್ಕದವನ ಕೈ ಕಚ್ಚಿದ, ಪುಸ್ತಕ ಹರಿದ, ಮಿಸ್ ಕರೆದರೆ ಬೆಂಚಿನ ಕೆಳಗೆ ನುಸುಳಿದ. ಮನೆಯಲ್ಲಿ ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು, ಭಾವ ಎರಡೇಟು ಹಾಕಿದ್ದೂ ಆಯಿತು. ‘ಗಂಡು ಹುಡುಗ, ದೊಡ್ಡವನಾದ ಮೇಲೆ ಸರಿಹೋಗ್ತಾನೆ ಬಿಡಿ’ ಎಂಬ ಮಾತಿನಲ್ಲೇ ಒಂದೂವರೆ ವರ್ಷ ಕಳೆಯಿತು. ಕೊನೆಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಮುಂದೆ ಕೂತಾಗ ಅವರು ಅಕ್ಕನನ್ನು ಕೇಳಿದ ಮೊದಲ ಪ್ರಶ್ನೆ: ‘ಅವನು ಹಾಗೆ ಮಾಡಿದ ತಕ್ಷಣ ನೀವೇನು ಮಾಡ್ತೀರಿ?’ ಅಕ್ಕನಿಗೆ ಉತ್ತರ ಹೊಳೆಯಲಿಲ್ಲ. ಮಕ್ಕಳ ವರ್ತನೆಯ ಚಿಕಿತ್ಸೆ ಬಹುಪಾಲು ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಹೋಗಬೇಕಾದ ಹೊತ್ತು ಯಾವುದು?

ಎರಡು–ಮೂರು ವರ್ಷದ ಮಗು ಅಂಗಡಿ ಮುಂದೆ ಬಿದ್ದು ಹೊರಳಾಡಿದರೆ ಗಾಬರಿ ಬೇಡ. ಆ ವಯಸ್ಸಿನ ರಚ್ಚೆ ಸಹಜ. ಆದರೆ ತೊಂದರೆ ತಿಂಗಳುಗಟ್ಟಲೆ ನಡೆದಿದ್ದರೆ, ಮನೆ, ಶಾಲೆ ಎರಡೂ ಕಡೆ ಕಾಣುತ್ತಿದ್ದರೆ, ಕಲಿಕೆ ಅಥವಾ ಗೆಳೆತನ ಕೆಡುತ್ತಿದ್ದರೆ ಕಾಯಬೇಡಿ. ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಮಂಕಾದರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಒಬ್ಬ ನಿರ್ದಿಷ್ಟ ವ್ಯಕ್ತಿಯ ಹತ್ತಿರ ಹೋಗಲು ಹೆದರಿದರೆ, ಅದನ್ನು ಹಟವೆಂದು ತಳ್ಳಿಹಾಕಬೇಡಿ. ಯಾರೋ ಮಗುವಿಗೆ ಕಿರುಕುಳ ಕೊಡುತ್ತಿರಬಹುದು. ಮಕ್ಕಳ ಸಹಾಯವಾಣಿ 1098 ಇರುವುದೇ ಇಂಥ ಸಂದರ್ಭಕ್ಕೆ. ಸಾಯುವ ಮಾತಾಡಿದರಂತೂ ಅವತ್ತೇ ಆಸ್ಪತ್ರೆಗೆ ಹೋಗಿ.

ಎರಡು ವಾರ ಬರೆದಿಡಿ

ಅಪಾಯಿಂಟ್‌ಮೆಂಟ್‌ಗೆ ಕಾಯುವಾಗಲೇ ಈ ಕೆಲಸ ಶುರು ಮಾಡಬಹುದು. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಅಕ್ಕ ಬರೆದ ಒಂದು ಸಾಲು ಹೀಗಿತ್ತು: ‘ಸಂಜೆ ಆರೂವರೆ. ಹೋಮ್‌ವರ್ಕ್ ತೆಗಿ ಅಂದೆ. ಪೆನ್ಸಿಲ್ ಎಸೆದು ತಂಗಿಗೆ ಒದ್ದ. ಕೂಗಾಡಿದೆ. ಸಾಕಾಗಿ ಬರೆಸೋದು ಬಿಟ್ಟೆ.’ ಎರಡು ವಾರದ ಪಟ್ಟಿ ನೋಡಿದರೆ ಹೆಚ್ಚಿನ ರಂಪಾಟವೆಲ್ಲ ಓದು–ಬರಹದ ಹೊತ್ತಿನಲ್ಲೇ ಇತ್ತು. ಅಷ್ಟು ದಿನ ‘ಯಾವಾಗಲೂ ಹೀಗೇ’ ಎಂದು ನಾವೆಲ್ಲ ಹೇಳುತ್ತಿದ್ದದ್ದು ಸುಳ್ಳಾಗಿತ್ತು.

ಜೊತೆಗೆ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ, ಕಣ್ಣು–ಕಿವಿ ಪರೀಕ್ಷೆ ಮಾಡಿಸಿ. ಕಿವಿ ಮಂದವಿರುವ ಮಗುವಿಗೂ ‘ಹೇಳಿದ್ದು ಕೇಳಲ್ಲ’ ಎಂಬ ಹಣೆಪಟ್ಟಿ ಬೀಳುತ್ತದೆ. ಮಾತು, ಶ್ರವಣದ ಅನುಮಾನವಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಒಳ್ಳೆಯ ಜಾಗ.

ಯಾರು ಯಾರು?

ಬೋರ್ಡಿನ ಮೇಲೆ ‘ಥೆರಪಿಸ್ಟ್’ ಎಂದಿದ್ದ ಮಾತ್ರಕ್ಕೆ ಅವರ ಓದೇನೆಂದು ತಿಳಿಯುವುದಿಲ್ಲ. ಸೈಕಿಯಾಟ್ರಿಸ್ಟ್ ಎಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಕೀಯ ಓದಿದವರು, ಮಾತ್ರೆ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ. ಪರೀಕ್ಷೆ ಮತ್ತು ಥೆರಪಿ ಅವರ ಕೆಲಸ. ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐನಲ್ಲಿ ಅವರ ನೋಂದಣಿ ಇರಬೇಕು. ಆ ನಂಬರ್ ಕೇಳುವುದರಲ್ಲಿ ಸಂಕೋಚ ಬೇಡ, ಸರಿಯಾಗಿ ಓದಿದವರು ಬೇಸರ ಮಾಡಿಕೊಳ್ಳುವುದಿಲ್ಲ. ಕೌನ್ಸೆಲರ್‌ಗಳಲ್ಲಿ ತುಂಬ ನುರಿತವರೂ ಇದ್ದಾರೆ, ಕೆಲವು ವಾರದ ಕೋರ್ಸ್ ಮುಗಿಸಿ ಬೋರ್ಡ್ ಹಾಕಿದವರೂ ಇದ್ದಾರೆ. ಹಾಗಾಗಿ ಎಲ್ಲಿ ಓದಿದರು, ಯಾರ ಕೈಕೆಳಗೆ ಪಳಗಿದರು ಎಂದು ಕೇಳಿ.

ಎಲ್ಲಿ ಹುಡುಕುವುದು?

ಬೆಂಗಳೂರಿನವರಿಗೆ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ. ಇಡೀ ದಿನ ಬಿಟ್ಟುಕೊಂಡು ಹೋಗಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಇವೆರಡೇ ದಾರಿ ಎಂದುಕೊಂಡು ಬೀದರಿನಿಂದಲೋ ಚಾಮರಾಜನಗರದಿಂದಲೋ ರಾತ್ರಿ ಬಸ್ ಹತ್ತುವವರನ್ನು ಕಂಡಾಗ ಸಂಕಟವಾಗುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲೇ ತಂಡವಿರುತ್ತದೆ. ಈ ಕಾರ್ಯಕ್ರಮಕ್ಕೆ ದೇಶಮಟ್ಟದಲ್ಲಿ ಮಾದರಿಯಾದದ್ದು ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗ. ‘ಮನೋಚೈತನ್ಯ’ ಯೋಜನೆಯಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ವಾರ ಎಂದು ಮೊದಲೇ ಫೋನ್ ಮಾಡಿ ತಿಳಿದುಕೊಳ್ಳಿ. ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗದಲ್ಲೂ ವಿಚಾರಿಸಬಹುದು.

ಯಾವುದೂ ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಖಾಸಗಿಯಾಗಿ ಹೋಗುವವರು ಫೀಸಿನ ಜೊತೆ ಇನ್ನೂ ಮೂರು ಮಾತು ಕೇಳಬೇಕು. ಈ ವಯಸ್ಸಿನ ಮಕ್ಕಳನ್ನು ನೋಡಿ ಅನುಭವವಿದೆಯೇ? ತಂದೆ–ತಾಯಿಯನ್ನೂ ಕೂರಿಸಿಕೊಳ್ಳುತ್ತೀರಾ? ಸುಧಾರಣೆಯನ್ನು ಹೇಗೆ ಅಳೆಯುತ್ತೀರಿ? ‘ಮಗುವನ್ನು ಬಿಟ್ಟುಹೋಗಿ, ಹತ್ತು ಸಿಟ್ಟಿಂಗ್‌ನಲ್ಲಿ ಗ್ಯಾರಂಟಿ ಸರಿಮಾಡ್ತೀನಿ’ ಎನ್ನುವವರಿಗೆ ಕೈಮುಗಿದು ಬನ್ನಿ. ಮಗು ಮನೆಯಲ್ಲಾಡುವ ಭಾಷೆ ಅವರಿಗೆ ಬರುವುದೂ ಮುಖ್ಯ. ಸಿಟ್ಟು, ಭಯವನ್ನು ಮಗು ಹೇಳಿಕೊಳ್ಳುವುದು ಮನೆಮಾತಿನಲ್ಲೇ.

ಒಳಗೆ ಏನು ನಡೆಯುತ್ತದೆ?

ಮೊದಲ ಒಂದೆರಡು ಭೇಟಿ ಬರೀ ವಿಚಾರಣೆ. ಗರ್ಭಿಣಿಯಾಗಿದ್ದಾಗಿನ ತೊಂದರೆ, ಹೆರಿಗೆ, ಮಗು ಮಾತಾಡಿದ–ನಡೆದ ವಯಸ್ಸು, ನಿದ್ದೆ, ಮೊಬೈಲು, ಗಂಡ–ಹೆಂಡತಿ ಜಗಳ, ಎಲ್ಲ ಕೇಳುತ್ತಾರೆ. ಮುಚ್ಚಿಡಬೇಡಿ. ಚಿಕಿತ್ಸೆಯ ವಿಷಯವನ್ನು ಅವರು ಗುಟ್ಟಾಗಿಡಬೇಕೆಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯ ಹಕ್ಕು. ಮಗುವನ್ನು ಆಟವಾಡಿಸುತ್ತಾರೆ, ಚಿತ್ರ ಬರೆಸುತ್ತಾರೆ. ಬೇಕೆನಿಸಿದರೆ ಬುದ್ಧಿ ಪರೀಕ್ಷೆ, ಕಲಿಕಾ ಪರೀಕ್ಷೆ ಮಾಡುತ್ತಾರೆ. ವಿ.ವಿ. ಕಾಮತ್ ಅವರು ಸ್ವಾತಂತ್ರ್ಯಕ್ಕೂ ಮೊದಲೇ ಕನ್ನಡ, ಮರಾಠಿ ಮಕ್ಕಳಿಗಾಗಿ ಒಗ್ಗಿಸಿದ ಬಿನೆ–ಕಾಮತ್ ಪರೀಕ್ಷೆಯ ಹೆಸರು ನಿಮ್ಮ ಕಿವಿಗೆ ಬೀಳಬಹುದು.

ಆಮೇಲಿನದು ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆಯಷ್ಟು. ಚಿಕ್ಕ ಮಕ್ಕಳ ವಿಷಯದಲ್ಲಿ ಹೆಚ್ಚಿನ ತರಬೇತಿ ಹೆತ್ತವರಿಗೇ. ಕಾರಣವಿದೆ. ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞ ಮನೆಗಳೊಳಗಿನ ಜಗಳವನ್ನು ವರ್ಷಗಟ್ಟಲೆ ಗಮನಿಸಿ ಒಂದು ಸುತ್ತನ್ನು ಗುರುತಿಸಿದರು. ನಮ್ಮ ಮನೆಗೆ ಹೊಂದಿಸಿ ಹೇಳುವುದಾದರೆ: ಮೊಬೈಲ್ ಕಸಿದುಕೊಳ್ಳುತ್ತೀರಿ, ಮಗು ಚೀರುತ್ತದೆ, ನೀವು ಗದರುತ್ತೀರಿ, ಅದು ತಲೆ ಚಚ್ಚಿಕೊಳ್ಳುತ್ತದೆ, ನೀವು ಸೋತು ಮೊಬೈಲ್ ಕೊಡುತ್ತೀರಿ. ಜೋರಾಗಿ ಚೀರಿದರೆ ಸಿಗುತ್ತದೆ ಎಂದು ಮಗು ಕಲಿಯಿತು. ಕೊಟ್ಟರೆ ಮನೆ ತಣ್ಣಗಾಗುತ್ತದೆ ಎಂದು ನೀವೂ ಕಲಿತಿರಿ.

ಈ ಸುತ್ತು ಮುರಿಯುವುದನ್ನು ಹೇಳಿಕೊಡುತ್ತಾರೆ. ದಿನಕ್ಕೆ ಹತ್ತು ನಿಮಿಷ, ಬುದ್ಧಿ ಹೇಳದೆ, ಮಗುವಿನ ಇಷ್ಟದ ಆಟ. ‘ಜಾಣ’ ಎಂದಷ್ಟೇ ಹೇಳದೆ ‘ಕರೆದ ಕೂಡಲೇ ಬಂದೆಯಲ್ಲ, ಖುಷಿಯಾಯ್ತು’ ಎಂದು ಬಿಡಿಸಿ ಹೇಳುವುದು. ಒಂದು ಸಲಕ್ಕೆ ಒಂದೇ ಮಾತು. ಅಪಾಯವಿಲ್ಲದ ರಂಪಾಟಕ್ಕೆ ಮುಖ ಕೊಡದಿರುವುದು. ಇಲ್ಲೇ ಬಹಳ ಮನೆಗಳು ಕೈಬಿಡುತ್ತವೆ, ಏಕೆಂದರೆ ಗಮನ ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಚೀರಾಟ ಇನ್ನೂ ಜಾಸ್ತಿಯಾಗುತ್ತದೆ. ಹಳೆಯ ಉಪಾಯ ಕೆಲಸ ಮಾಡುತ್ತಿಲ್ಲವೆಂದು ಮಗು ಹೆಚ್ಚು ಬಲ ಹಾಕುತ್ತಿರುತ್ತದೆ. ಆಗ ಅಜ್ಜಿ ಮರುಗಿ ಮೊಬೈಲ್ ಕೊಟ್ಟರೆ ಅಲ್ಲಿಯವರೆಗಿನ ಶ್ರಮ ನೀರುಪಾಲು. ಆದ್ದರಿಂದ ಒಂದು ಸಿಟ್ಟಿಂಗ್‌ಗಾದರೂ ಅಜ್ಜ–ಅಜ್ಜಿಯನ್ನು ಕರೆದುಕೊಂಡು ಹೋಗಿ.

ಹದಿಹರೆಯದವರ ಜೊತೆ ಥೆರಪಿಸ್ಟ್ ಬಹುತೇಕ ಒಂಟಿಯಾಗಿ ಮಾತಾಡುತ್ತಾರೆ. ಸಿಟ್ಟು ಬರುವ ಮುಂಚೆ ತಲೆಯಲ್ಲಿ ಓಡುವ ಯೋಚನೆಯನ್ನು ಹಿಡಿದು ಪರೀಕ್ಷಿಸುವುದನ್ನು ಕಲಿಸುತ್ತಾರೆ. ಹೊರಬಂದ ಮಗಳನ್ನು ‘ಒಳಗೆ ಏನು ಹೇಳಿದೆ?’ ಎಂದು ಪೀಡಿಸಬೇಡಿ. ಜೀವಕ್ಕೆ ಅಪಾಯವಿರುವ ಸಂಗತಿಯಿದ್ದರೆ ಅವರೇ ನಿಮಗೆ ತಿಳಿಸುತ್ತಾರೆ. ಗಮನ ನಿಲ್ಲದ, ಅತಿ ಚಟುವಟಿಕೆಯ ಎಡಿಎಚ್‌ಡಿಯಂಥ ತೊಂದರೆಗೆ ಮಾತ್ರೆ ಬೇಕಾಗಬಹುದು. ಶುರು ಮಾಡುವುದೂ ನಿಲ್ಲಿಸುವುದೂ ಮನೋವೈದ್ಯರು ಹೇಳಿದಂತೆಯೇ ಆಗಲಿ.

ಆರೆಂಟು ಭೇಟಿಯ ನಂತರ ಅದೇ ಮೂರು ಕಾಲಂ ಮತ್ತೆ ಬರೆದು ಹೋಲಿಸಿ. ಬದಲಾವಣೆ ಕಾಣದಿದ್ದರೆ ನೇರವಾಗಿ ಕೇಳಿ. ಮಗುವನ್ನು ಹೀಯಾಳಿಸುವ, ಹೆದರಿಸುವ ಥೆರಪಿಸ್ಟ್ ಆದರೆ ಅಷ್ಟು ದಿನವೂ ಕಾಯಬೇಡಿ. ಅಕ್ಕನ ಮಗನಿಗೆ ಇದ್ದದ್ದು ಓದುವ ತೊಂದರೆ, ಡಿಸ್ಲೆಕ್ಸಿಯಾ. ಅಕ್ಷರ ಗೊತ್ತಾಗದ ನಾಚಿಕೆಯನ್ನು ಕಚ್ಚಿ, ಹರಿದು ಮುಚ್ಚಿಕೊಳ್ಳುತ್ತಿದ್ದ. ವಿಶೇಷ ಶಿಕ್ಷಕಿಯ ಪಾಠ ಶುರುವಾದ ಮೇಲೆ ಶಾಲೆಯ ಫೋನ್ ತಿಂಗಳಿಗೊಂದಕ್ಕೆ ಇಳಿಯಿತು.

ಮೊದಲ ದಿನ ಹೊರಡುವಾಗ

‘ಸುಮ್ಮನಿರದಿದ್ದರೆ ಡಾಕ್ಟರ್ ಸೂಜಿ ಹಾಕ್ತಾರೆ’ ಎಂದು ಹೆದರಿಸಿ ಕರೆದೊಯ್ಯಬೇಡಿ. ‘ದಿನಾ ನಾವಿಬ್ಬರೂ ಜಗಳ ಆಡ್ತಿದ್ದೀವಲ್ಲ, ಅದನ್ನ ಕಡಿಮೆ ಮಾಡೋದು ಹೇಗೆ ಅಂತ ಕೇಳ್ಕೊಂಡು ಬರೋಣ’ ಎನ್ನಿ. ಚೀಲದಲ್ಲಿ ನಿಮ್ಮ ನೋಟ್‌ಬುಕ್, ಮಗುವಿನ ಶಾಲಾ ಪುಸ್ತಕ ಎರಡು, ಮಾರ್ಕ್ಸ್ ಕಾರ್ಡ್, ಹಳೆಯ ಆಸ್ಪತ್ರೆ ಚೀಟಿಗಳು, ತಾಯಿ ಕಾರ್ಡ್ ಇನ್ನೂ ಇದ್ದರೆ ಅದು, ಒಂದು ಬಾಟಲಿ ನೀರು, ಮಗುವಿಗೆ ಇಷ್ಟದ ತಿಂಡಿ ಇರಲಿ. ಸರದಿ ಬರುವುದು ತಡವಾಗಬಹುದು.